ಆರು ಗಂಟೆಯ ಪ್ರಾರ್ಥನೆ

ಬಂಗಾರಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ, ಪಾನಿಪುರಿ ಗಾಡಿಯೊಂದರ ಮುಂದೆ, ಎಡಗೈಯಲ್ಲಿ ದೊನ್ನೆ ಹಿಡಿದು, ಕಣ್ಣು ಮುಚ್ಚಿ, ನಾನು ದೇವರ ಸಹಾಯ ಬೇಡುತ್ತಿದ್ದೆ.

ಶೋಧನೆಯನ್ನು ಗೆಲ್ಲುವ ಬಲ ಕೊಡು ಎಂಬುದು ನನ್ನ ಕೋರಿಕೆ. (ಶೋಧನೆ ಎಂದರೆ ನಮ್ಮ ಕ್ರೈಸ್ತರ ಮಾತಿನಲ್ಲಿ, ಆಸೆ ತೋರಿಸಿ ಕೆಡವುವ ಪರೀಕ್ಷೆ. ಪ್ರಶ್ನೆಪತ್ರಿಕೆ ಆಗಲೇ ದೊನ್ನೆಯಲ್ಲಿತ್ತು.) ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಬೇರೆ ಊರುಗಳಲ್ಲಿ ಪಾನಿ ಹಸಿರಾಗಿರುತ್ತದೆ. ದೂರದಿಂದಲೇ ಅದರ ಉದ್ದೇಶ ಸರಿಯಿಲ್ಲವೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಅದು ಕುಡಿಯುವ ನೀರಿನಷ್ಟು ತಿಳಿ. ಪಾಪ ಇಷ್ಟು ನಿರ್ಮಲವಾಗಿ ಕಾಣುವ ಇನ್ನೊಂದು ಊರನ್ನು ನಾನು ನೋಡಿಲ್ಲ.

"ಸಾ, ನಿಂತಂಗೇ ನಿದ್ದೆ ಬಂತಾ?" ಎಂದು ಕೇಳಿದ ಗಾಡಿಯ ಮುನಿರಾಜು. ಬೂದಿಕೋಟೆ ಕಡೆಯವನು. ನನ್ನ ನಾಲಿಗೆಯ ಇತಿಹಾಸವನ್ನು ನನ್ನ ಹೆಂಡತಿಗಿಂತ ಚೆನ್ನಾಗಿ ಬಲ್ಲವನು.

"ಪ್ರಾರ್ಥನೆ ಮಾಡ್ತಿದ್ದೀನಪ್ಪ. ಈಸ್ಟರ್ ವರೆಗೂ ಪಾನಿಪುರಿ ಮುಟ್ಟೋದಿಲ್ಲ ಅಂತ ವ್ರತ."

"ಗೊತ್ತು ಸಾ. ಓದ್ ತಿಂಗ್ಳೇ ಏಳಿ ಓದ್ರಲ್ಲ, ನಲವತ್ ದಿನ ನನ್ ಮೊಕ ನೋಡಲ್ಲ ಅಂತ. ಇವತ್ಗೆ ಎಷ್ಟಾಯ್ತು?"

"ಹನ್ನೊಂದು."

ಮುನಿರಾಜು ಸೌಜನ್ಯಕ್ಕೆ ನಗಲಿಲ್ಲ. ಇನ್ನೊಂದು ಪುರಿಯ ತಲೆಗೆ ಹೆಬ್ಬೆರಳಿನಿಂದ ತೂತು ಮಾಡುತ್ತಾ ಹೇಳಿದ: "ನಾವು ಮಾಲೆ ಆಕ್ಕೊಂಡ್ರೆ ಬಾರ್ ಇರೋ ಬೀದೀಗೇ ಓಗಲ್ಲ ಸಾ. ಅತ್ತು ಜನ ಒಟ್ಗೇ ಇರ್ತೀವಿ, ಒಟ್ಗೇ ಅಡ್ಗೆ, ಒಟ್ಗೇ ಭಜ್ನೆ. ಒಬ್ನೇ ಆದ್ರೆ ಯಾವ ಮಾಲೇನೂ ಕತ್ನಾಗ್ ನಿಲ್ಲಲ್ಲ. ನೀವು ನೋಡಿದ್ರೆ ಒಬ್ರೇ ಬಸ್ ಅತ್ಕೊಂಡ್ ಬಂದು, ಗಾಡಿ ಮುಂದೆ ನಿಂತು, ದೊನ್ನೆ ಇಡ್ಕೊಂಡು ದೇವ್ರನ್ನ ಕರೀತೀರ. ಅವ್ನೇನ್ ಬಂದು ಕೈಯಿಂದ ಕಿತ್ಕೋಬೇಕಾ?"

ದೈವಶಾಸ್ತ್ರ ಗೊತ್ತಿಲ್ಲದವರ ಮಾತಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ತಿಂದೆ.

ಹಾಗೆಂದು ವ್ರತಭಂಗವಾಯಿತು ಎಂದು ಯಾರೂ ಅವಸರದಲ್ಲಿ ತೀರ್ಮಾನಿಸಬಾರದು. ಭಾನುವಾರ ವ್ರತದ ಎಣಿಕೆಗೆ ಬರುವುದಿಲ್ಲ. ಶನಿವಾರ ಸಂಜೆಯ ಪೂಜೆ ನಮ್ಮಲ್ಲಿ ಭಾನುವಾರದ ಪೂಜೆಗೆ ಸಮ. ಆದ್ದರಿಂದ ಶನಿವಾರ ಸಂಜೆ ಎನ್ನುವುದು ಭಾನುವಾರವೇ. ಅಂದು ಶನಿವಾರ, ಗಂಟೆ ನಾಲ್ಕು. ನಾಲ್ಕು ಗಂಟೆಯನ್ನು ಸಂಜೆ ಎನ್ನಬಹುದೇ ಎಂಬ ಒಂದೇ ಒಂದು ಪ್ರಶ್ನೆ ಉಳಿದಿತ್ತು. ಎರಡನೇ ಪ್ಲೇಟಿನ ಹೊತ್ತಿಗೆ ಅದೂ ಬಗೆಹರಿಯಿತು.

ಇಷ್ಟೇ ಆಗಿದ್ದರೆ ಈ ವಾರದ ಅಂಕಣವನ್ನು ನನ್ನ ಹೊಟ್ಟೆಯ ಬಗ್ಗೆ ಬರೆದು ಮುಗಿಸಬಹುದಿತ್ತು. ಇಷ್ಟೇ ಆಗಲಿಲ್ಲ.

ನಮ್ಮವರಲ್ಲದ ಓದುಗರಿಗಾಗಿ ಎರಡು ಮಾತು. ಈಸ್ಟರ್‌ಗೆ ಮೊದಲಿನ ನಲವತ್ತು ದಿನ ನಮಗೆ ತಪಸ್ಸು ಕಾಲ, ಇಂಗ್ಲಿಷಿನಲ್ಲಿ ಲೆಂಟ್. ಹಣೆಗೆ ಬೂದಿ ಹಚ್ಚಿಸಿಕೊಂಡು, ಪ್ರೀತಿಯ ಒಂದು ಕೆಟ್ಟ ಚಟವನ್ನು ಬಿಡುತ್ತೇವೆ. (ನಲವತ್ತೊಂದನೆಯ ದಿನ ಅದನ್ನು ಹೋಗಿ ಕರೆದುಕೊಂಡು ಬರುತ್ತೇವೆ.) ಈ ವರ್ಷ ಆಂಡರ್ಸನ್‌ಪೇಟೆಯ ನಮ್ಮ ಚರ್ಚಿಗೆ ಹೊಸ ಫಾದರ್ ಬಂದಿದ್ದರು. ವಯಸ್ಸು ಕಡಿಮೆ, ಉತ್ಸಾಹ ಜಾಸ್ತಿ. ಬೂದಿ ಬುಧವಾರ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟರು. ಯಾವ ಶೋಧನೆ ನಿಮ್ಮನ್ನು ಕೆಡವುತ್ತದೋ ಅದನ್ನು ಬರೆದು ಪೆಟ್ಟಿಗೆಗೆ ಹಾಕಿ, ಹೆಸರು ಬೇಡ ಎಂದರು. ಭಾನುವಾರ ಪೂಜೆ ಮುಗಿದ ಮೇಲೆ ಬೇರೆಯವರ ಒಂದು ಚೀಟಿ ನಿಮ್ಮ ಕೈಗೆ ಬರುತ್ತದೆ. ಅದು ಯಾರದೆಂದು ಗೊತ್ತಾದರೂ ಬಾಯಿ ಬಿಡಬೇಡಿ. ಈಸ್ಟರ್ ವರೆಗೂ ಆ ಮನುಷ್ಯನಿಗಾಗಿ ಪ್ರಾರ್ಥಿಸಿ, ಅವನ ಕೈ ಹಿಡಿದುಕೊಳ್ಳಿ ಎಂದರು.

ಕೈ ಹಿಡಿಯುವ ಮಾತನ್ನು ನಾನು ಅಲಂಕಾರವೆಂದು ತೆಗೆದುಕೊಂಡೆ. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವನಿಗೆ ಎಲ್ಲಿ ನೋಡಿದರೂ ಅಲಂಕಾರವೇ ಕಾಣುವುದು.

ನನ್ನ ಚೀಟಿಯಲ್ಲಿ ನಾನು ಬರೆದದ್ದು: 'ಜಿಹ್ವಾಚಾಪಲ್ಯ, ವಿಶೇಷತಃ ಬಂಗಾರಪೇಟೆಯ ಪಾನಿಪುರಿ.' ಪಾಪವನ್ನಾದರೂ ಶುದ್ಧ ಕನ್ನಡದಲ್ಲಿ ಮಾಡಬೇಕು ಎಂಬುದು ನನ್ನ ನಿಲುವು.

ನನ್ನ ಕೈಗೆ ಬಂದ ಚೀಟಿಯಲ್ಲಿ ಒಂದು ಅಲಂಕಾರವೂ ಇರಲಿಲ್ಲ. 'ಬ್ರಾಂದಿ. ಮೊಮ್ಮಗನ ಜ್ಞಾನಸ್ನಾನದ ವರೆಗೂ ಬೇಡ.' (ಜ್ಞಾನಸ್ನಾನ ಎಂದರೆ ಮಗುವಿನ ತಲೆಗೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ಶಾಸ್ತ್ರ.)

ಕೆಳಗೆ ಸಹಿ ಹಾಕಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಬೀದಿಗೆಲ್ಲ ಗೊತ್ತಿದ್ದ ಕಥೆ ಅದು. ನಮ್ಮ ಬೀದಿಯ ಕೆಳಗಿನ ತುದಿಯಲ್ಲಿರುವ ಅರುಳಪ್ಪ, ನಮ್ಮೂರ ಚಿನ್ನದ ಗಣಿ ಮುಚ್ಚುವ ವರೆಗೂ ಅಂಡರ್‌ಗ್ರೌಂಡ್‌ನಲ್ಲಿ ಕೆಲಸ ಮಾಡಿದವನು. ಆಮೇಲೆ ಆಟೋ. ಹೆಂಡತಿ ತೀರಿಕೊಂಡ ಮೇಲೆ ಬ್ರಾಂದಿ. ಒಬ್ಬಳೇ ಮಗಳು ಸ್ಟೆಲ್ಲಾಳನ್ನು ಬೇತಮಂಗಲಕ್ಕೆ ಕೊಟ್ಟಿದ್ದಾನೆ. ಅವಳ ಗಂಡುಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಇವನು ತೂರಾಡಿಕೊಂಡು ಹೋದ. ನನ್ನ ಮೊಮ್ಮಗ ಎಂದು ಎತ್ತಿಕೊಂಡ. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಅವನಿಗೆ ಕಾಣಲಿಲ್ಲ. ಮಗು ಬಿದ್ದದ್ದು ಪುಣ್ಯಕ್ಕೆ ಬೀಗಿತ್ತಿಯ ಮಡಿಲಿಗೆ.

ಸ್ಟೆಲ್ಲಾ ಕೂಗಾಡಲಿಲ್ಲವಂತೆ. "ಅಪ್ಪಾ, ಈ ಲೆಂಟ್ ನಲವತ್ತು ದಿನ ಮುಟ್ದೇ ಇರು. ಈಸ್ಟರ್‌ಗೆ ಅಲ್ಲೇ, ನಿನ್ ಚರ್ಚಲ್ಲೇ ಜ್ಞಾನಸ್ನಾನ. ಮಗೂನ ನಿನ್ ಕೈಗೇ ಕೊಡ್ತೀನಿ. ಆಗಲ್ವಾ, ಇಲ್ಲೇ ಮಾಡ್ಕೋತೀವಿ. ನೀನ್ ಬರ್ಬೇಡ" ಎಂದಳಂತೆ. ಜೋರಾಗಿ ಬೈದಿದ್ದರೆ ಅರುಳಪ್ಪ ಮರೆಯುತ್ತಿದ್ದ. ಮೆಲ್ಲಗೆ ಹೇಳಿದ್ದರಿಂದ ಮರೆಯಲಾಗಲಿಲ್ಲ.

ಅಂಥವನ ಚೀಟಿ ನನ್ನ ಪಾಲಿಗೆ ಬಂದಿತ್ತು. ಅಷ್ಟು ಜನರಲ್ಲಿ ನನಗೇ. ಇದು ದೈವಸಂಕಲ್ಪ ಎಂದು ಗಂಭೀರನಾದೆ. ಜವಾಬ್ದಾರಿಯನ್ನು ಶಿಸ್ತಿನಿಂದ ನಿರ್ವಹಿಸಲು ಮೊದಲು ಸಮಸ್ಯೆಯನ್ನು ಅಧ್ಯಯನ ಮಾಡಿದೆ. ನಮ್ಮ ಬೀದಿಯ ನಡುವಿನ ಮೂಲೆಯಲ್ಲಿ ಬ್ರಾಂದಿ ಅಂಗಡಿ. ಸಂಜೆ ಆರಕ್ಕೆ ಅಲ್ಲಿ ಹಳೆಯ ಗಣಿ ಗೆಳೆಯರು ಕೂಡುತ್ತಾರೆ, ಏಳೂವರೆಗೆ ಚದುರುತ್ತಾರೆ. ಅಷ್ಟು ಹೊತ್ತು ತಪ್ಪಿಸಿಕೊಂಡರೆ ಅರುಳಪ್ಪ ಊಟ ಮಾಡಿ ಮಲಗುತ್ತಾನೆ. ಅಂದರೆ ಸೈತಾನನ ಡ್ಯೂಟಿ ಟೈಮ್ ಆರರಿಂದ ಏಳೂವರೆ. ಸರಿ, ನನ್ನ ವಿಶೇಷ ಪ್ರಾರ್ಥನೆಯೂ ಆರಕ್ಕೇ ಸರಿಯಾಗಿ ಶುರು. ಬಾಗಿಲು ಹಾಕಿ, ಮೇಣದಬತ್ತಿ ಹಚ್ಚಿ, ಮೊಣಕಾಲೂರಿ, ಜಪಸರ ಹಿಡಿದು. ಇಷ್ಟು ವೈಜ್ಞಾನಿಕವಾಗಿ ಯಾರಾದರೂ ಒಬ್ಬ ಗೆಳೆಯನಿಗಾಗಿ ಪ್ರಾರ್ಥಿಸಿದ್ದುಂಟೇ?

ಒಂದೇ ಒಂದು ಅಡಚಣೆ. ಅರುಳಪ್ಪ.

ಹಿಂದೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು ಎನ್ನುತ್ತಿದ್ದವನು, ಆ ವಾರದಿಂದ ದಿನಾ ಐದೂವರೆಗೆ ಹಾಜರಾಗತೊಡಗಿದ. ಬಂದು ವರಾಂಡದ ಬೆಂಚಿನ ಮೇಲೆ ಕೂರುವುದು. ನನ್ನ ಹೆಂಡತಿ ಫಿಲೋಮಿನಾ ಕೊಟ್ಟ ಕಾಫಿಯನ್ನು ಮಗುವಿಗೆ ಔಷಧಿ ಕುಡಿಸುವವರ ಹಾಗೆ ಒಂದೊಂದೇ ಗುಟುಕು ಕುಡಿಯುವುದು. ಅದೇ ಹಳೆಯ ಗಣಿ ಕಥೆ. ಐದು ಐವತ್ತಾದರೂ ಲೋಟದಲ್ಲಿ ಅರ್ಧ ಕಾಫಿ. ನಾನು ಗಡಿಯಾರ ನೋಡುತ್ತೇನೆ. ಕೆಮ್ಮುತ್ತೇನೆ. ಕೊನೆಗೆ ಎದ್ದು ನಿಲ್ಲುತ್ತೇನೆ.

"ಅರುಳಪ್ಪ, ನನ್ನ ಪ್ರಾರ್ಥನೆಯ ಹೊತ್ತಾಯಿತು."

"ಮಾಡಿ ಮೇಷ್ಟ್ರೇ. ನಾನೂ ಒಂದ್ ಮೂಲೇಲಿ ಕೂತ್ಕೋತೀನಿ. ಸದ್ದು ಮಾಡಲ್ಲ."

ಕೂರಿಸಿಕೊಳ್ಳುವುದು ಹೇಗೆ? ಅವನಿಗಾಗಿ ಮಾಡುವ ಪ್ರಾರ್ಥನೆಯನ್ನು ಅವನ ಎದುರಿಗೇ ಮಾಡಿದರೆ ಚೀಟಿಯ ಗುಟ್ಟು ಉಳಿಯುತ್ತದೆಯೇ? ನಿಯಮ ನಿಯಮ.

"ಇದು ಏಕಾಂತದಲ್ಲಿ ಮಾಡುವಂಥದ್ದು" ಎನ್ನುತ್ತಿದ್ದೆ.

"ಆಗ್ಲಿ ಪಾ" ಎಂದು ಎದ್ದು, ಚಪ್ಪಲಿ ಮೆಟ್ಟಲು ಮೂರು ನಿಮಿಷ ತೆಗೆದುಕೊಂಡು, ಹೊರಡುತ್ತಿದ್ದ. ಆರಕ್ಕೆ ಸರಿಯಾಗಿ. ಬೀದಿಯ ಕೆಳಕ್ಕೆ.

ನಾನು ಬಂಗಾರಪೇಟೆಯಿಂದ ಭಾನುವಾರಕ್ಕೆ ಸಮನಾದ ಆ ಶನಿವಾರ ಮರಳಿದಾಗಲೂ ಅವನು ನಮ್ಮ ಗೇಟಿನ ಹತ್ತಿರ ನಿಂತಿದ್ದ. "ಬಂಗಾರಪೇಟೆಗಾ ಮೇಷ್ಟ್ರೇ?" ಎಂದ. ಕನ್ನಡಕದ ಅಂಗಡಿಗೆ ಎಂದೆ. ನನ್ನ ಅಂಗಿಯ ಮೇಲೆ ಕನ್ನಡಕದ ಅಂಗಡಿಯಲ್ಲಿ ಸಿಗದ ಒಂದು ಕಲೆ ಇತ್ತು. ಅದನ್ನೇ ಒಂದು ಕ್ಷಣ ನೋಡಿದ. ಅವನ ಮುಖ, ಪರೀಕ್ಷೆಯಲ್ಲಿ ತನ್ನ ಹುಡುಗ ಫೇಲಾದಾಗ ಮೇಷ್ಟ್ರ ಮುಖ ಹೇಗಾಗುತ್ತದೋ ಹಾಗಾಯಿತು. ನನ್ನ ಅಂಗಿಯ ಕಲೆಗೆ ಇವನಿಗೆ ಯಾಕಿಷ್ಟು ದುಃಖ ಎಂದು ನಾನು ಯೋಚಿಸಲಿಲ್ಲ. ಪ್ರಾರ್ಥನೆಗೆ ಹೊತ್ತಾಗಿತ್ತು.

"ಆ ಮನುಷ್ಯನ್ನ ಯಾಕೆ ಹೀಗೆ ಓಡಿಸ್ತೀರಿ?" ಎಂದು ಫಿಲೋಮಿನಾ ಒಂದು ದಿನ ಕೇಳಿದಳು.

"ಓಡಿಸುತ್ತಿಲ್ಲ. ಅದರ ಹಿಂದೆ ಒಂದು ಕಾರಣವಿದೆ. ಹೇಳುವ ಹಾಗಿಲ್ಲ."

"ನಿಮ್ ದೇವ್ರು ಏಳೂವರೆಗೆ ಬಂದ್ರೆ ಆಗಲ್ವಾ?"

ಹೆಂಗಸರಿಗೆ ಸಮಯಪ್ರಜ್ಞೆ ಕಡಿಮೆ ಎಂದುಕೊಂಡು ಮೇಣದಬತ್ತಿ ಹಚ್ಚಿದೆ.

ಇಪ್ಪತ್ತಮೂರನೆಯ ದಿನ, ಗುರುವಾರ. ಅಂದು ಅರುಳಪ್ಪ ಕಥೆ ಹೇಳಲಿಲ್ಲ. ಕಾಫಿ ಆರಿ ಹೋಯಿತು. ಅಂಗೈಗಳನ್ನು ತೊಡೆಗೆ ಉಜ್ಜುತ್ತಾ ಕುಳಿತಿದ್ದ. ಐದು ಐವತ್ತೈದಕ್ಕೆ ನಾನು ಎದ್ದಾಗ, "ಇವತ್ತೊಂದ್ ಅರ್ಧ ಗಂಟೆ ಇರ್ಲಾ ಮೇಷ್ಟ್ರೇ?" ಎಂದ.

"ನಾಳೆ ಬಾರಯ್ಯ. ನಾಳೆ ನಿಧಾನವಾಗಿ ಮಾತಾಡೋಣ" ಎಂದೆ.

ಬಾಗಿಲು ಹಾಕಿದೆ. ಮೆಲ್ಲಗೇ ಹಾಕಿದೆ, ಎಷ್ಟಾದರೂ ಕ್ರೈಸ್ತ. ಅವನ ಮುಖ ನೋಡಿ ಏನೋ ಕಷ್ಟದಲ್ಲಿದ್ದಾನೆ ಅನ್ನಿಸಿತ್ತು. ಆದ್ದರಿಂದ ಅಂದು ಪ್ರಾರ್ಥನೆಯನ್ನು ಹತ್ತು ನಿಮಿಷ ಹೆಚ್ಚಿಸಿದೆ.

ಶುಕ್ರವಾರ ಅವನು ಬರಲಿಲ್ಲ. ಬೆಂಚು ಖಾಲಿ. ನನಗೆ ಕೊಂಚ ನಿರಾಳವೇ ಆಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಶನಿವಾರ ಫಿಲೋಮಿನಾ ಹಾಲಿನ ಬೂತಿನಿಂದ ಸುದ್ದಿ ತಂದಳು. ಗುರುವಾರ ಸಂಜೆ ಅರುಳಪ್ಪನನ್ನು ಬ್ರಾಂದಿ ಅಂಗಡಿಯ ಮುಂದಿನಿಂದ ಇಬ್ಬರು ಎತ್ತಿಕೊಂಡು ಹೋಗಿ ಮನೆ ಸೇರಿಸಿದ್ದರು.

ಹೋದೆ. ಮನೆ ಮುಂದೆ ನಿಲ್ಲಿಸಿದ್ದ ಆಟೋದ ಹಿಂದಿನ ಸೀಟಿನಲ್ಲಿ, ಬಾಡಿಗೆಗೆ ಬಂದವನ ಹಾಗೆ ಕುಳಿತಿದ್ದ. ನನಗೂ ಸರಿದು ಜಾಗ ಬಿಟ್ಟ.

"ಅರುಳಪ್ಪ, ನಾನು ನಿನಗೋಸ್ಕರ ದಿನಾ ಪ್ರಾರ್ಥನೆ ಮಾಡುತ್ತಿದ್ದೆ" ಎಂದೆ. ಗುಟ್ಟು ಉಳಿಸುವುದರಲ್ಲಿ ಇನ್ನು ಅರ್ಥವಿರಲಿಲ್ಲ. "ನಿನ್ನ ಚೀಟಿ ನನಗೇ ಬಂದಿತ್ತು. ಆರಕ್ಕೆ ಕೂತರೆ ಏಳು ಗಂಟೆ, ಪೂರ್ತಿ ನಿನಗೋಸ್ಕರ."

ಅವನು ನನ್ನ ಕಡೆ ತಿರುಗಿದ.

"ನನ್ನ ಆಚೆ ಕಳ್ಸಿ ಬಾಗ್ಲು ಆಕ್ಕೊಂಡ್ರಲ್ಲ, ಅದು ನನಗೋಸ್ಕರಾನಾ?"

ಮೂವತ್ತು ವರ್ಷ ಪ್ರಶ್ನೆ ಕೇಳಿ ಬದುಕಿದವನು ನಾನು. ಇಂಥದ್ದೊಂದನ್ನು ಯಾವ ಪರೀಕ್ಷೆಗೂ ಕೊಟ್ಟಿರಲಿಲ್ಲ.

ಅರುಳಪ್ಪ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಚೀಟಿ ತೆಗೆದ. ನನ್ನ ಮುದ್ದಾದ ಅಕ್ಷರ.

"ಇದು ನನಗ್ ಬಂದಿದ್ದು. ಮೊದಲ್ನೇ ಮಾತು ಓದಕ್ಕೇ ಎರಡ್ ದಿನ ಆಯ್ತು ಮೇಷ್ಟ್ರೇ. ಯಾವ್ದೋ ದೊಡ್ಡ ಕಾಯಿಲೆ, ಪಾಪ ಯಾರ್ಗೋ ಅಂದ್ಕೊಂಡೆ. ಪಾನಿಪುರಿ ಅಂತ ನೋಡಿದ್ಮೇಲೆ ನೀವು ಅಂತ ಗೊತ್ತಾಯ್ತು. ನಗು ಬಂತು. ಆದ್ರೂ ಪಾಪ, ನಿಮ್ ಕಷ್ಟ ನಿಮ್ಗೆ."

"ಅದಕ್ಕೆ ದಿನಾ ಬರುತ್ತಿದ್ದೆಯಾ?"

"ಆಮಾ. ನನಗ್ ಪ್ರಾರ್ಥನೆ ಎಲ್ಲ ಬರಲ್ಲ. ಸಂಜೆ ಬಸ್ಸು ಇರೋದು ಆರ್ಗಂಟೇಗೆ ಅಲ್ವಾ, ನಾನ್ ಬಂದು ಕೂತ್ಕೊಂಡ್ರೆ ನೀವ್ ಬಂಗಾರಪೇಟೆಗೆ ಓಗಲ್ಲ. ನೀವು ಕೂತ್ಕೊಂಡ್ರೆ ನಾನ್ ಅಂಗ್ಡಿಗ್ ಓಗಲ್ಲ. ಒಂದ್ ಬೆಂಚು, ಎರಡ್ ಜನ. ದೇವ್ರು ಜಾಣ, ಒಂದೇ ಕಲ್ಲಲ್ಲಿ ಎರಡ್ ಕೆಲ್ಸ ಮುಗಿಸ್ದ ಅಂದ್ಕೊಂಡಿದ್ದೆ." ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಚುತ್ತಾ ಮುಂದುವರಿಸಿದ. "ಅಂಡರ್‌ಗ್ರೌಂಡ್‌ನಲ್ಲಿ ನಮ್ ಗ್ಯಾಂಗ್‌ನವ್ರು ಯಾರ್ನೂ ಒಂಟಿಯಾಗ್ ಬಿಡ್ತಿರ್ಲಿಲ್ಲ. ಕತ್ಲಲ್ಲಿ ಒಬ್ಬ ಕೂಗಿದ್ರೆ ಇನ್ನೊಬ್ಬ ಓ ಅನ್ಬೇಕು. ಅಷ್ಟೇ ಕೆಲ್ಸ. ಮೇಲೆ ನಿಂತ್ಕೊಂಡು ಮೇಣದಬತ್ತಿ ಹಚ್ಚೋರೂ ಇದ್ರು. ಅವ್ರು ಬೇರೆ ಡಿಪಾರ್ಟ್‌ಮೆಂಟು."

ಸ್ಟೆಲ್ಲಾಗೆ ಅವನೇ ಫೋನ್ ಮಾಡಿ ಹೇಳಿದ್ದನಂತೆ. ಬೇರೆ ಯಾರೋ ಹೇಳುವ ಮೊದಲು. ಅವಳು ಕೇಳಿಸಿಕೊಂಡು ಫೋನ್ ಇಟ್ಟಿದ್ದಳು.

ಸಿಟ್ಟು ಬಂತು. ಅದನ್ನು ನನ್ನ ಮೇಲೆ ತೀರಿಸಿಕೊಳ್ಳುವ ರೂಢಿ ನನಗಿಲ್ಲದ ಕಾರಣ, ನೇರ ಫಾದರ್ ಹತ್ತಿರ ಹೋದೆ. ನಿಮ್ಮ ಚೀಟಿ ಪದ್ಧತಿಯಿಂದ ಏನಾಯಿತು ನೋಡಿ ಎಂದು ದೂರು ಕೊಟ್ಟೆ. ಅಷ್ಟು ಜನರ ನಡುವೆ ಅವನ ಚೀಟಿ ನನಗೆ, ನನ್ನದು ಅವನಿಗೆ. ಇದರಲ್ಲಿ ದೇವರ ಉದ್ದೇಶವೇನು ಎಂದು ಕೇಳಿದೆ.

ಫಾದರ್ ತಲೆ ಕೆರೆದುಕೊಂಡರು. "ದೇವರನ್ನ ಯಾಕೆ ಎಳೀತೀರಿ ಮೇಷ್ಟ್ರೇ? ಎಲ್ಲ ಚೀಟಿ ಓದಿ, ಅಕ್ಷರ ಗುರುತು ಹಿಡಿದು, ಬೀದಿ ಪ್ರಕಾರ ಜೋಡಿ ಮಾಡಿ ಹಂಚಿದ್ದು ನಾನು. ರಾತ್ರಿಯೆಲ್ಲ ಕೂತು ಮಾಡಿದೆ. ಚರ್ಚಿನ ಗಂಟೆ ಬಾರಿಸುವ ಕಪ್ಯಾರರನ್ನೂ ಕೇಳಿಕೊಂಡೆ."

"ಬೀದಿ ಪ್ರಕಾರ ಯಾಕೆ?"

"ನಡೆದುಕೊಂಡು ಹೋಗುವಷ್ಟು ಹತ್ತಿರ ಇರಲಿ ಅಂತ. ಕೈ ಹಿಡಿದುಕೊಳ್ಳಿ ಅಂದಿದ್ದೆನಲ್ಲ."

ಅಲಂಕಾರವಾಗಿರಲಿಲ್ಲ. ಸಾದಾ ವಾಕ್ಯವಾಗಿತ್ತು.

ಮನೆಗೆ ನಡೆದು ಬರುತ್ತಾ ಮುನಿರಾಜುವಿನ ಮಾತು ನೆನಪಾಯಿತು. ದೇವರು ಬಂದು ಕೈಯಿಂದ ದೊನ್ನೆ ಕಿತ್ತುಕೊಳ್ಳಬೇಕೇ ಎಂದಿದ್ದ. ನಾವು ದಿನಾ ಹೇಳುವ ಪ್ರಾರ್ಥನೆಯಲ್ಲಿ 'ನಮ್ಮನ್ನು ಶೋಧನೆಗೆ ಒಳಪಡಿಸದೆ' ಎಂಬ ಮಾತು ಬರುತ್ತದೆ. ಅದರಲ್ಲಿ 'ನಾನು' ಇಲ್ಲ, ಇರುವುದು 'ನಾವು'. ಮಕ್ಕಳಿಗೆ ವ್ಯಾಕರಣ ಕಲಿಸಿದವನು ಇದನ್ನು ಅರುವತ್ತು ವರ್ಷ ಗಮನಿಸದೆ ಒಪ್ಪಿಸಿದ್ದೇನೆ. ನನ್ನ ಬಲದಿಂದ ಆಗುವುದಿಲ್ಲ, ನೀನೇ ಕಾಪಾಡು ಎಂದು ದೇವರನ್ನು ಕೇಳುವುದು ಸರಿಯೇ. ಬೇರೆ ದಾರಿಯೂ ಇಲ್ಲ; ಹನ್ನೊಂದನೆಯ ದಿನಕ್ಕೆ ನನ್ನ ಬಲದ ಅಳತೆ ಸಿಕ್ಕಿತ್ತು. ತೊಂದರೆ ಎಲ್ಲಿ ಎಂದರೆ, ಕೇಳಿದ ಸಹಾಯ ಐದೂವರೆಗೆ ಸರಿಯಾಗಿ ಬಂದು ವರಾಂಡದಲ್ಲಿ ಕಾಫಿ ಕುಡಿಯುತ್ತಾ ಕುಳಿತಿತ್ತು. ಇನ್ನೂ ಬರಲಿಲ್ಲವಲ್ಲ ಎಂದು ನಾನು ಒಳಗೆ ಕಣ್ಣು ಮುಚ್ಚಿಕೊಂಡಿದ್ದೆ.

ನಾನೊಬ್ಬನೇ ಅಲ್ಲ ಎಂಬ ಸಮಾಧಾನ ಇದೆ. (ಕೆಟ್ಟ ಸಮಾಧಾನ, ಆದರೂ ಇದೆ.) ನಮ್ಮ ಚರ್ಚಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರಿಗಾದರೂ ಕಷ್ಟ ಎಂದು ಬರಲಿ, ಒಂದು ನಿಮಿಷದೊಳಗೆ ಸಾಲು ಸಾಲು ಜೋಡಿಸಿದ ಕೈಗಳು. ಅರುಳಪ್ಪ ಬಿದ್ದ ಸುದ್ದಿಗೂ ಬಂದವು. ಅಷ್ಟು ಕೈಗಳಲ್ಲಿ ಅವನನ್ನು ಎತ್ತಿದವು ನಾಲ್ಕು. ಅವೂ ಬ್ರಾಂದಿ ಅಂಗಡಿಯಲ್ಲಿ ಕುಡಿಯುತ್ತಿದ್ದವರ ಕೈಗಳು.

ಅಂದೇ ಸಂಜೆ ಐದೂವರೆಗೆ ನಾನೇ ಹೋಗಿ ಅರುಳಪ್ಪನನ್ನು ಕರೆದುಕೊಂಡು ಬಂದೆ. ನಮ್ಮ ವರಾಂಡದಿಂದಲೇ ಸ್ಟೆಲ್ಲಾಗೆ ಫೋನ್ ಮಾಡಿದ. ಸ್ಪೀಕರಿಗೆ ಹಾಕಿದ. ಅವಳು ಎತ್ತಿದಳು. ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು. ಆಗ ನಾನು, ತಪ್ಪು ನನ್ನದೂ ಇದೆಯಮ್ಮ ಎಂದು ಶುರು ಮಾಡಿ, ನಡೆದದ್ದನ್ನೆಲ್ಲ ಹೇಳಿದೆ. ಶನಿವಾರದ ಪಾನಿಪುರಿಯನ್ನೂ ಸೇರಿಸಿ. ಅರುಳಪ್ಪ, "ಎರಡು ಪ್ಲೇಟು" ಎಂದು ತಿದ್ದಿದ. ಮುನಿರಾಜು ಗಾಡಿಯ ಸುತ್ತಮುತ್ತ ಅವನಿಗೆ ಆಟೋದವರ ಸಂಪರ್ಕವಿದೆ ಎಂದು ನನಗೆ ಹೊಳೆದಿರಲಿಲ್ಲ.

ಆ ಕಡೆ ಸ್ಟೆಲ್ಲಾ ನಕ್ಕಳೋ ಮೂಗು ಒರೆಸಿಕೊಂಡಳೋ, ಗೊತ್ತಾಗಲಿಲ್ಲ.

"ಅಪ್ಪಾ, ನೀನಾಗ್ ನೀನೇ ಹೇಳ್ದೆ ಅಂತ ಇನ್ನೊಂದ್ ಸಲ. ನಾಳೆಯಿಂದ ಒಂದು ಅಂತ ಎಣಿಸು. ಹಳೇ ಇಪ್ಪತ್ತೆರಡನ್ನ ಸೇರಿಸ್ಕೋಬೇಡ. ನಲವತ್ತಾದ್ಮೇಲೆ ಬರೋ ಭಾನುವಾರ ಮಗೂನ ಕರ್ಕೊಂಡ್ ಬರ್ತೀನಿ. ಮೇಷ್ಟ್ರೇ, ಭಾನುವಾರಗಳೂ ಎಣಿಕೆಗೆ ಸೇರ್ತವೆ. ಶನಿವಾರ ಸಂಜೇನೂ."

ಈಸ್ಟರ್ ಬಂತು, ಹೋಯಿತು. ಜ್ಞಾನಸ್ನಾನ ಇಲ್ಲದೆಯೇ ಹೋಯಿತು. ಆ ದಿನ ಬೇರೆ ಮನೆಗಳ ಮಕ್ಕಳ ತಲೆಗೆ ಫಾದರ್ ನೀರು ಹಾಕುವಾಗ ಅರುಳಪ್ಪ ಕೊನೆಯ ಬೆಂಚಿನಲ್ಲಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಪಕ್ಕ ನಾನು ನಿಂತಿದ್ದೆ. ಮುಂದಿನ ಬೆಂಚಿನಲ್ಲಿ ನನ್ನ ಖಾಯಂ ಜಾಗ ಖಾಲಿ ಇತ್ತು.

ಇಂದಿಗೆ ಹೊಸ ಎಣಿಕೆಯ ಮೂವತ್ತೊಂದನೆಯ ದಿನ. ಇನ್ನು ಒಂಬತ್ತು. ದಿನಾ ಐದೂವರೆಗೆ ಬರುತ್ತಾನೆ, ಏಳೂವರೆಗೆ ಎದ್ದು ಹೋಗುತ್ತಾನೆ. ಅಂಗಡಿಯ ಮೂಲೆ ದಾಟುವ ವರೆಗೂ ನಾನು ಜೊತೆಗೆ ಹೋಗುತ್ತೇನೆ. ಎರಡು ಗಂಟೆ ಏನು ಮಾಡುತ್ತೀರಿ ಎಂದು ಕೇಳುತ್ತೀರಾ? ಚೌಕಾಬಾರ ಆಡುತ್ತೇವೆ. ಕವಡೆಯನ್ನು ಹೇಗೆ ಹಾಕಿದರೂ ಅವನಿಗೆ ಎಂಟೇ ಬೀಳುತ್ತದೆ, ಹೇಗೆಂದು ಕೇಳಿದರೆ ಗಣಿ ಕಥೆ ಶುರು ಮಾಡುತ್ತಾನೆ. ಗಣಿಯೊಳಗೆ ಇಳಿಸುವ ಕೇಜ್ ಕೆಟ್ಟು ನಡುವೆ ನಿಂತ ಕಥೆಯನ್ನು ಈ ತಿಂಗಳು ಹದಿನಾಲ್ಕು ಸಲ ಕೇಳಿದ್ದೇನೆ. ಕೇಜ್‌ನಲ್ಲಿದ್ದವರ ಸಂಖ್ಯೆ ಪ್ರತಿ ಸಲವೂ ಹೆಚ್ಚುತ್ತಿದೆ. ಸತ್ಯವಾಗಿ ಹೇಳುತ್ತೇನೆ, ಪ್ರಾರ್ಥನೆ ಇದಕ್ಕಿಂತ ಬಹಳ ಸುಲಭವಾಗಿತ್ತು. ಮೊಣಕಾಲು ಮಾತ್ರ ನೋಯುತ್ತಿತ್ತು.

ಮೊನ್ನೆ ಅವನ ಅಂಗೈ ಮತ್ತೆ ತೊಡೆಯನ್ನು ಉಜ್ಜತೊಡಗಿತು. ಗಂಟೆ ಆರೂಕಾಲು. ಏನಯ್ಯ ಎಂದೆ. "ಕರೀತೈತೆ ಮೇಷ್ಟ್ರೇ" ಎಂದ. ನನ್ನ ಶಬ್ದಕೋಶದಲ್ಲಿ ಆ ಹೊತ್ತಿಗೆ ಆಗುವ ಒಂದು ಪದವೂ ಇರಲಿಲ್ಲ. ಅವನ ಕೈ ಹಿಡಿದುಕೊಂಡೆ. ಗಂಡಸರಿಬ್ಬರು ವರಾಂಡದಲ್ಲಿ ಕೈ ಹಿಡಿದು ಕೂತಿದ್ದನ್ನು ಬೀದಿಯೆಲ್ಲ ನೋಡಿತು. ಫಿಲೋಮಿನಾ ಇನ್ನೊಂದು ಲೋಟ ಕಾಫಿ ತಂದಿಟ್ಟಳು. ಏಳಾಗುವ ಹೊತ್ತಿಗೆ ಅವನು, "ಸಾಕು ಬಿಡಿ, ನಿಮ್ ಕೈ ಬೆವರ್ತದೆ" ಎಂದು ಕವಡೆ ಎತ್ತಿಕೊಂಡ.

ಇದನ್ನು ಬರೆಯುವಾಗ ಗಂಟೆ ಐದು ಇಪ್ಪತ್ತೈದು. ಗೇಟಿನ ಸದ್ದಾಯಿತು. ನಿಲ್ಲಿಸಬೇಕು. ಆರು ಗಂಟೆಯ ನನ್ನ ವಿಶೇಷ ಪ್ರಾರ್ಥನೆ ಏನಾಯಿತು ಎಂದು ಭಕ್ತರಾದ ಓದುಗರು ಚಿಂತಿಸಬಾರದು, ಅದನ್ನು ಏಳೂವರೆಗೆ ಹಾಕಿಕೊಂಡಿದ್ದೇನೆ. ದೇವರು ಒಂದೂವರೆ ಗಂಟೆ ತಡೆದುಕೊಳ್ಳುತ್ತಾನೆ. ಅವನನ್ನೇನು ಆರಕ್ಕೆ ಬ್ರಾಂದಿ ಅಂಗಡಿ ಕರೆಯುತ್ತದೆಯೇ?